ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಅನಸ್ತೇಷಿಯಾ ಎಂಡಿ ಮಾಡಿದವರಿಗೆ ಕೆಲಸ ಹೇಗಿದೆ?

ಇಳಕಲ್_ಇಂಟರ್ನ್

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಲ್ಲಿ ಎಂಬಿಬಿಎಸ್, ಇಂಟರ್ನ್‌ಶಿಪ್ ಎರಡೂ ಮುಗಿದಿದೆ. ನೀಟ್ ಪಿಜಿ ರ‍್ಯಾಂಕ್ ಬಂದಿದೆ. ರೇಡಿಯಾಲಜಿ, ಸ್ಕಿನ್ ಸಿಗುವ ರ‍್ಯಾಂಕ್ ಅಲ್ಲ. ಅನಸ್ತೇಷಿಯಾ (ಆಪರೇಷನ್‌ಗೆ ಅರಿವಳಿಕೆ ಕೊಡುವ ಬ್ರಾಂಚ್) ಸಿಗುತ್ತೆ. ಜನರಲ್ ಸರ್ಜರಿಯೂ ಸಿಗಬಹುದು.

ನನಗೆ ಅನಸ್ತೇಷಿಯಾ ಇಷ್ಟ. ಓಟಿ (ಆಪರೇಷನ್ ಥಿಯೇಟರ್) ಪೋಸ್ಟಿಂಗ್‌ನಲ್ಲಿ ಎಲ್ಲರೂ ಸರ್ಜನ್ ಕೈ ನೋಡುತ್ತಿದ್ದರೆ ನನ್ನ ಕಣ್ಣು ಮಾನಿಟರ್ ಕಡೆಗೇ ಹೋಗುತ್ತಿತ್ತು. ಆದರೆ ಮನೆಯಲ್ಲಿ ಒಪ್ಪುತ್ತಿಲ್ಲ. ಅಪ್ಪನದು ಸೀರೆ ಅಂಗಡಿ. "ಇಷ್ಟು ಓದಿ ನಿನ್ನ ಹೆಸರಿನ ಬೋರ್ಡ್ ಎಲ್ಲಿ ಹಾಕೂದವ್ವಾ?" ಅಂತ ಕೇಳುತ್ತಾರೆ. ಸೋದರಮಾವ ಹೇಳುವುದು ಬೇರೆ: ಮತ್ತು ಬರುವ ಔಷಧಿ ಕೊಡೋ ಡಾಕ್ಟರ್ ಅಂದರೆ ಸರ್ಜನ್ ಕರೆದಾಗ ಹೋಗಬೇಕು, ಕರೆಯದಿದ್ದರೆ ಮನೆಯಲ್ಲಿ ಕೂರಬೇಕು, ಪೇಷಂಟ್ ನಿನ್ನ ಹೆಸರು ಕೇಳಿಕೊಂಡು ಬರೋದಿಲ್ಲ ಅಂತ.

ನಾನು ಬೆಂಗಳೂರಿಗೆ ಹೋಗುವವಳಲ್ಲ. ಇದೇ ಮೂರು ಜಿಲ್ಲೆಯಲ್ಲಿ ಇರಬೇಕು ಅಂತಿದ್ದೇನೆ. ಇಲ್ಲಿ ನಿಜಕ್ಕೂ ಕೆಲಸ ಇದೆಯಾ? ದುಡ್ಡು ಸರಿಯಾಗಿ ಬರುತ್ತಾ? ಹೆಣ್ಣುಮಕ್ಕಳಿಗೆ ರಾತ್ರಿ ಓಡಾಟ ಹೇಗೆ? ಕೆಲಸ ಮಾಡುತ್ತಿರುವವರು ದಯವಿಟ್ಟು ಇದ್ದದ್ದು ಇದ್ದಹಾಗೆ ಹೇಳಿ.

ಘಟಪ್ರಭಾ_ಫ್ರೀಲ್ಯಾನ್ಸ್

ತಂಗಿ, ಮೊದಲ ಪ್ರಶ್ನೆಗೆ ಮೊದಲು ಉತ್ತರ. ಕೆಲಸ ಇದೆ. ಬೇಕಾದಷ್ಟಿದೆ. ಗೋಕಾಕ, ಮೂಡಲಗಿ, ರಾಯಬಾಗ, ಚಿಕ್ಕೋಡಿ, ಅಥಣಿ, ಈ ಪಟ್ಟಿಯಲ್ಲಿ ನಾನು ಕಾರಿನಲ್ಲಿ ಓಡಾಡುತ್ತೇನೆ. ಹತ್ತು ಹದಿನೈದು ಬೆಡ್‌ನ ನರ್ಸಿಂಗ್ ಹೋಮ್‌ಗಳು ಯಾವುವೂ ತಮ್ಮದೇ ಅನಸ್ತೇಷಿಯಾ ಡಾಕ್ಟರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳೋದಿಲ್ಲ, ಇಟ್ಟುಕೊಳ್ಳುವಷ್ಟು ಕೇಸೂ ಅವರ ಹತ್ತಿರ ಇರೋದಿಲ್ಲ. ಆದರೆ ಸಿಸೇರಿಯನ್, ಗರ್ಭಕೋಶ, ಹರ್ನಿಯಾ, ಅಪೆಂಡಿಕ್ಸ್, ಮುರಿದ ಕಾಲು ಇವು ಯಾವ ಊರಿನಲ್ಲೂ ನಿಲ್ಲೋದಿಲ್ಲ. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಅಪಘಾತದ ಕೇಸ್ ಬೇರೆ. ಫೋನ್ ಬರುತ್ತಲೇ ಇರುತ್ತದೆ.

ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಧ ನಿಜ. ಪೇಷಂಟ್ ನಮ್ಮ ಹೆಸರು ಕೇಳಿಕೊಂಡು ಬರೋದಿಲ್ಲ. ಆದರೆ ನಾವು ಬರುವ ತನಕ ಸರ್ಜನ್ ಚಾಕು ಹಿಡಿಯೋದಿಲ್ಲ, ಅದನ್ನು ಮಾವ ಹೇಳಲಿಲ್ಲ.

ಈಗ ತೊಂದರೆ ಹೇಳುತ್ತೇನೆ. ದುಡ್ಡು ಕೇಸಿನ ಲೆಕ್ಕದಲ್ಲಿ. ಕೆಲವರು ಕೇಸಿಗೆ ಇಷ್ಟು ಅಂತ ಕೊಡುತ್ತಾರೆ, ಕೆಲವರು ಸರ್ಜನ್ ಫೀಸಿನಲ್ಲಿ ಪಾಲು ಕೊಡುತ್ತಾರೆ. ಕೈಗೆ ಬರೋದು ಯಾವಾಗ ಅನ್ನೋದೇ ದೊಡ್ಡ ಪ್ರಶ್ನೆ. ಒಂದು ನರ್ಸಿಂಗ್ ಹೋಮ್‌ನವರು "ಸರ್ಕಾರಿ ಸ್ಕೀಮಿನ ದುಡ್ಡು ಬಂದಿಲ್ಲ ಡಾಕ್ಟ್ರೇ" ಅಂತ ಹೇಳಿ ಹೇಳಿ ವರ್ಷ ಕಳೆದರು. ಕೊನೆಗೆ ನಾನು ಅಲ್ಲಿಗೆ ಹೋಗೋದು ಬಿಟ್ಟೆ. ರೇಟ್ ಎಷ್ಟು ಅಂತ ಇಲ್ಲಿ ಬರೆಯಲ್ಲ, ಊರಿಂದ ಊರಿಗೆ ಬೇರೆ ಇರುತ್ತದೆ. ಅನಸ್ತೇಷಿಯಾ ಸಂಘದ ಊರಿನ ಶಾಖೆಗೆ ಸೇರಿಕೊಂಡರೆ ಮೊದಲ ಸಭೆಯಲ್ಲೇ ಗೊತ್ತಾಗುತ್ತೆ.

ದುಡ್ಡಿಗಿಂತ ದೊಡ್ಡದು ಸಲಕರಣೆ. ಹೊಸ ಜಾಗಕ್ಕೆ ಹೋದರೆ ಪೇಷಂಟ್ ಮುಖ ನೋಡುವ ಮೊದಲು ನಾನು ನೋಡೋದು ಇವು: ಸಿಲಿಂಡರ್‌ನಲ್ಲಿ ಆಕ್ಸಿಜನ್ ಎಷ್ಟಿದೆ, ಎರಡನೇ ಸಿಲಿಂಡರ್ ಇದೆಯಾ, ಅದರ ಕೀಲಿ ಎಲ್ಲಿ. ಸಕ್ಷನ್ ಹಚ್ಚಿ ಬೆರಳಿಟ್ಟು ನೋಡುತ್ತೇನೆ. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಬಿಡಿಸಿ ಬಲ್ಬ್ ಉರಿಯುತ್ತಾ ನೋಡುತ್ತೇನೆ. ಕರೆಂಟ್ ಹೋದರೆ ಜನರೇಟರ್ ತಾನಾಗಿ ಹತ್ತುತ್ತಾ, ಇಲ್ಲ ಯಾರಾದರೂ ಕೆಳಗೆ ಓಡಬೇಕಾ ಅಂತ ಕೇಳುತ್ತೇನೆ. ನನ್ನ ಬ್ಯಾಗಿನಲ್ಲಿ ನನ್ನದೇ ಲ್ಯಾರಿಂಗೋಸ್ಕೋಪ್, ಎಲ್ಲ ಸೈಜಿನ ಉಸಿರಾಟದ ಟ್ಯೂಬ್, ಗಂಟಲಲ್ಲಿ ಕೂರುವ ಮಾಸ್ಕ್ ಅಂದರೆ ಎಲ್‌ಎಂಎ, ಬೂಜಿ (ಟ್ಯೂಬ್‌ಗೆ ದಾರಿ ಮಾಡುವ ಕಡ್ಡಿ), ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಕೈಯಲ್ಲಿ ಹಿಡಿಯುವ ಪಲ್ಸ್ ಆಕ್ಸಿಮೀಟರ್ ಇರುತ್ತೆ. ಕ್ಯಾಪ್ನೋಗ್ರಾಫ್ (ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಮಷಿನ್) ಇಲ್ಲದ ಕಡೆ ಜನರಲ್ ಅನಸ್ತೇಷಿಯಾ ಕೊಡೋದಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದೇನೆ. ಟ್ಯೂಬ್ ಶ್ವಾಸನಾಳಕ್ಕೆ ಹೋಯಿತೋ ಅನ್ನನಾಳಕ್ಕೆ ಹೋಯಿತೋ ಅಂತ ಖಾತ್ರಿ ಹೇಳುವುದು ಅದೇ. ಮೊದಮೊದಲು ಇಬ್ಬರು ಮೂವರು ಸಿಟ್ಟಾದರು. ಆಮೇಲೆ ಅವರೇ ಮಷಿನ್ ತಂದರು.

ಅಂದರೆ ಇಷ್ಟು. ಇಲ್ಲಿ ಕೆಲಸ ಸಿಗುತ್ತಾ ಅಂತ ಚಿಂತೆ ಮಾಡಬೇಡಿ. ಯಾವ ಷರತ್ತಿನ ಮೇಲೆ ಮಾಡುತ್ತೀರಿ ಅನ್ನೋದನ್ನು ಮೊದಲ ದಿನದಿಂದ ಗಟ್ಟಿಯಾಗಿ ಹಿಡಿದುಕೊಳ್ಳಿ.

ಎರಡನೇ_ವರ್ಷದ_ಪಿಜಿ

ಅಕ್ಕ, ನಾನು ವಿಜಯಪುರದಲ್ಲಿ ಅನಸ್ತೇಷಿಯಾ ಪಿಜಿ. ಮೊದಲ ಆರು ತಿಂಗಳು ಕಷ್ಟ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಓಟಿಗೆ ಬಂದು ಮಷಿನ್ ಚೆಕ್, ಡ್ರಗ್ ಲೋಡ್, ಸಂಜೆ ಎಲ್ಲರೂ ಹೋದ ಮೇಲೆ ನಾಳೆಯ ಕೇಸಿನ ಪ್ರೀ ಅನಸ್ತೇಷಿಯಾ ತಪಾಸಣೆ. ಶರೀರಕ್ರಿಯೆ, ಫಾರ್ಮಕಾಲಜಿ ಎರಡನ್ನೂ ಮತ್ತೆ ಮೊದಲಿನಿಂದ ಓದಬೇಕು. ಆದರೆ ಕಲಿತದ್ದು ಕೂಡಲೇ ಕಣ್ಣಿಗೆ ಕಾಣುತ್ತೆ. ಔಷಧಿ ಕೊಟ್ಟ ನಿಮಿಷದಲ್ಲಿ ಪರಿಣಾಮ ಎದುರಿಗೇ ಇರುತ್ತೆ. ಅದು ಇಷ್ಟ ಆಗುವವರಿಗೆ ಬೇರೆ ಬ್ರಾಂಚ್ ಸಪ್ಪೆ ಅನ್ನಿಸುತ್ತೆ.

ತಾಲ್ಲೂಕು_ಆಸ್ಪತ್ರೆ_ಅಕ್ಕ

ನಾನು ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೇನೆ. ಸರ್ಕಾರಿ ಕೆಲಸದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ.

ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಸಿಸೇರಿಯನ್ ಆಗಬೇಕಾದರೆ ಮೂವರು ಬೇಕು: ಸ್ತ್ರೀರೋಗ ತಜ್ಞರು, ಮಕ್ಕಳ ಡಾಕ್ಟರ್, ಅರಿವಳಿಕೆ ತಜ್ಞರು. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಬಸುರಿಯನ್ನು ಆಂಬುಲೆನ್ಸ್‌ನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು. ಅರಿವಳಿಕೆಯವರ ಕೊರತೆ ಎಷ್ಟಿತ್ತೆಂದರೆ ಸರ್ಕಾರವೇ ಎಂಬಿಬಿಎಸ್ ಡಾಕ್ಟರ್‌ಗಳಿಗೆ 18 ವಾರ ತರಬೇತಿ ಕೊಟ್ಟು ತುರ್ತು ಹೆರಿಗೆಗೆ ಅರಿವಳಿಕೆ ಕೊಡುವುದನ್ನು ಕಲಿಸಲು ಶುರುಮಾಡಿತು. ಆ ತರಬೇತಿ ಪಡೆದವರು ಎಷ್ಟೋ ಕಡೆ ಜೀವ ಉಳಿಸಿದ್ದಾರೆ. ಆದರೂ ಬಿಪಿ ಏರಿ ಫಿಟ್ಸ್ ಬಂದವಳು, ರಕ್ತ ಹೋಗಿ ಬಿಳಿಚಿಕೊಂಡವಳು, ಹೃದಯದ ವಾಲ್ವ್ ತೊಂದರೆ ಇರುವವಳು ಬಂದರೆ ಎಂಡಿ ಮಾಡಿದವರೇ ಬೇಕು.

ತಂಗಿ ಓಟಿಯಲ್ಲಿ ಮಾನಿಟರ್ ನೋಡುತ್ತಿದ್ದಳು ಅಂದಳಲ್ಲ, ಅವಳಿಗಾಗಿ ಒಂದು ಸ್ಪೈನಲ್ (ಬೆನ್ನಿಗೆ ಸೂಜಿ ಹಾಕಿ ಕೊಡುವ ಅರಿವಳಿಕೆ) ಹೇಗಿರುತ್ತೆ ಹೇಳುತ್ತೇನೆ. ನೋವಿನಲ್ಲಿರುವ ಹೆಣ್ಣುಮಗಳನ್ನು ಕೂರಿಸಿ ಬೆನ್ನು ಬಾಗಿಸಬೇಕು. ಹೊಟ್ಟೆ ಅಡ್ಡ ಬರುತ್ತೆ, ಅವಳಿಗೆ ಬಾಗಲು ಆಗೋದಿಲ್ಲ. ಆಯಾ ಮುಂದೆ ನಿಂತು ಭುಜ ಹಿಡಿಯುತ್ತಾಳೆ. ನಾನು ಸೊಂಟದ ಎರಡು ಎಲುಬಿನ ಮೇಲೆ ಕೈಯಿಟ್ಟು ನಡುಗೆರೆ ಹುಡುಕುತ್ತೇನೆ. 25 ಅಥವಾ 26 ಗೇಜಿನ ಸೂಜಿ, ಬಹಳ ತೆಳ್ಳಗಿನದು. ಒಳಗಿನ ತಂತಿ ತೆಗೆದಾಗ ತಿಳಿನೀರಿನ ಹನಿ ಬಂದರೆ ಅರಿವಳಿಕೆ ಔಷಧಿ ಬುಪಿವಕೇನ್ ಹೆವಿ 2 ಎಂಎಲ್ ಆಸುಪಾಸು ಹಾಕಿ ಕೂಡಲೇ ಮಲಗಿಸಬೇಕು. ಬಲಸೊಂಟದ ಕೆಳಗೆ ಮಡಚಿದ ಬಟ್ಟೆ ಇಡಬೇಕು, ಇಲ್ಲದಿದ್ದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುತ್ತೆ. ಆಮೇಲೆ ಪ್ರತಿ ನಿಮಿಷ ಬಿಪಿ. "ಅವ್ವಾ, ವಾಂತಿ ಬಂದಂಗ ಆಗಾಕತ್ತೈತ್ರಿ" ಅಂದಳು ಅಂದರೆ ಮಷಿನ್ ತೋರಿಸುವ ಮೊದಲೇ ತಿಳಿದುಕೊಳ್ಳಬೇಕು, ಬಿಪಿ ಇಳಿದಿದೆ. ಬಿಪಿ ಏರಿಸುವ ಫಿನೈಲೆಫ್ರಿನ್ ಸಿರಿಂಜ್ ಕೈಯಲ್ಲಿರಬೇಕು, ಕಪಾಟಿನಲ್ಲಿ ಅಲ್ಲ. ಮಗು ಅತ್ತ ಮೇಲೂ ನನ್ನ ಕೆಲಸ ಮುಗಿದಿರೋದಿಲ್ಲ, ಗರ್ಭಕೋಶ ಗಟ್ಟಿಯಾಯಿತಾ, ರಕ್ತ ಎಷ್ಟು ಹೋಯಿತು ಅಂತ ನೋಡುತ್ತಿರಬೇಕು. ಅವಳು ಎಚ್ಚರವಾಗಿಯೇ ಇರುತ್ತಾಳೆ. ಮಗುವಿನ ಮುಖ ಮೊದಲು ತೋರಿಸುವುದು ಬಹಳ ಸಲ ನಾವೇ, ತಲೆಯ ಕಡೆ ನಿಂತಿರುತ್ತೇವಲ್ಲ.

ಇನ್ನು ಕೆಲಸದ ಮಾತು. ಸರ್ಕಾರದಲ್ಲಿ ಕಾಯಂ ನೇಮಕಾತಿ ಇದೆ, ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ ಇದೆ. ಗುತ್ತಿಗೆಗೆ ಬೇಗ ಆದೇಶ ಸಿಗುತ್ತೆ, ಭದ್ರತೆ ಕಡಿಮೆ. ಕಾಯಂ ಆದರೆ ರಜೆ, ಹೆರಿಗೆ ರಜೆ ಎಲ್ಲ ಕಾಗದದ ಮೇಲೆ ಇದೆ. ಆದರೆ ಇಡೀ ತಾಲ್ಲೂಕಿಗೆ ಒಬ್ಬಳೇ ಇದ್ದಾಗ ರಜೆ ಹಾಕೋದು ಸುಲಭ ಅಲ್ಲ. ನಾನು ಮದುವೆಗೆ ಹೋದರೆ ಆ ದಿನದ ಬಸುರಿಯರು ವಿಜಯಪುರಕ್ಕೆ ಹೋಗಬೇಕು. ಈ ಒಂದು ವಿಷಯಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಒಂದು ಆಸ್ಪತ್ರೆಗೆ ಇಬ್ಬರು ಅರಿವಳಿಕೆ ತಜ್ಞರು ಇರಲೇಬೇಕು. ಒಬ್ಬರನ್ನು ಹಾಕಿ 24 ಗಂಟೆ ಸೇವೆ ಅಂತ ಬೋರ್ಡ್ ಬರೆಸುವುದು ತಪ್ಪು.

ಇಂಡಿ_ಜಿಪಿ

ನಾನು ಅನಸ್ತೇಷಿಯಾದವನಲ್ಲ, ಆದರೆ ಬೇರೆ ಮಾತು ಹೇಳುತ್ತೇನೆ. ಸರ್ಜರಿ ಸಿಗುತ್ತಿದ್ದರೆ ಅನಸ್ತೇಷಿಯಾ ಯಾಕೆ? ಸರ್ಜನ್ ಆದರೆ ನಲವತ್ತರ ಹೊತ್ತಿಗೆ ಸ್ವಂತ ಆಸ್ಪತ್ರೆ ಕಟ್ಟಬಹುದು. ಅನಸ್ತೇಷಿಯಾದವರು ಕೊನೆವರೆಗೂ ಇನ್ನೊಬ್ಬರ ಆಸ್ಪತ್ರೆಯಲ್ಲೇ. ಮತ್ತೆ ಈಗ ಎಲ್ಲದಕ್ಕೂ ಎಐ ಬರುತ್ತಿದೆ. ಡೋಸ್ ಲೆಕ್ಕ ಹಾಕಿ ಔಷಧಿ ಬಿಡುವ ಕೆಲಸ ಮಷಿನ್ ಮಾಡಲಾರದಾ? ಮೂರು ವರ್ಷ ಓದಿ ಹೊರಗೆ ಬರೋದರೊಳಗೆ ಪರಿಸ್ಥಿತಿ ಬದಲಾದರೆ?

ಬೆಳಗಾವಿ_ಐಸಿಯು

ಇಂಡಿ ಡಾಕ್ಟ್ರೇ, ಮಷಿನ್ ಮಾತಿಗೆ ಉತ್ತರ ಹೇಳುತ್ತೇನೆ. ಅಂಥ ಮಷಿನ್ ಬಂದು ಹೋಗಿದೆ. ಸೆಡಾಸಿಸ್ ಅಂತ ಹೆಸರು, ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯದು. ಎಂಡೋಸ್ಕೋಪಿ, ಕೊಲೊನೋಸ್ಕೋಪಿಗೆ ಮಂಪರು ಬರಿಸುವ ಪ್ರೊಪೊಫಾಲ್ ತಾನೇ ಬಿಡುವ ಯಂತ್ರ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 2016ರಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು. ಅದೂ ಆರೋಗ್ಯವಂತರಿಗೆ, ಹಗುರ ಮಂಪರಿಗೆ ಮಾತ್ರ ಇತ್ತು. ಡೋಸ್ ಲೆಕ್ಕ ನಮ್ಮ ಕೆಲಸದಲ್ಲಿ ಸಣ್ಣ ಭಾಗ. ಬಾಯಿ ತೆರೆಯದ ಪೇಷಂಟ್, ಗುಟ್ಕಾ ತಿಂದು ದವಡೆ ಬಿಗಿದವರು ನಮ್ಮ ಭಾಗದಲ್ಲಿ ಜಾಸ್ತಿ ಅಲ್ವಾ, ಅವರಿಗೆ ಟ್ಯೂಬ್ ಹಾಕುವುದು ಯಾವ ಮಷಿನ್? ಲೆಕ್ಕ ಸುಲಭ ಮಾಡುವ ಸಾಫ್ಟ್‌ವೇರ್ ಬರಲಿ, ಒಳ್ಳೆಯದೇ.

ಇನ್ನೊಂದು ಮಾತು. ಅಮೆರಿಕದಲ್ಲಿ ನರ್ಸ್ ಅನಸ್ತೇಟಿಸ್ಟ್‌ಗಳು ಇದ್ದಾರೆ, ನಮ್ಮಲ್ಲಿ ಆ ಪದ್ಧತಿ ಇಲ್ಲ. ನಮ್ಮ ಓಟಿ ಟೆಕ್ನಿಷಿಯನ್‌ಗಳು ಸಹಾಯಕ್ಕೆ ಇರುತ್ತಾರೆ, ಅನಸ್ತೇಷಿಯಾ ಕೊಡೋದು ಡಾಕ್ಟರೇ.

ನಾನು ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಸಂಬಳದ ಮೇಲಿದ್ದೇನೆ. ಅನಸ್ತೇಷಿಯಾ ಎಂಡಿ ಆದ ಮೇಲೆ ಓಟಿ ಒಂದೇ ದಾರಿ ಅಂತ ತಿಳಿಯಬೇಡಿ. ಐಸಿಯು ಇದೆ. 2020, 2021ರಲ್ಲಿ ಕೋವಿಡ್ ವಾರ್ಡ್‌ಗಳಲ್ಲಿ ವೆಂಟಿಲೇಟರ್ ಹಿಡಿದವರಲ್ಲಿ ಬಹಳ ಜನ ಅನಸ್ತೇಷಿಯಾದವರೇ. ಕ್ರಿಟಿಕಲ್ ಕೇರ್‌ನಲ್ಲಿ 3 ವರ್ಷದ ಡಿಎಂ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ ಪದವಿ) ಇದೆ, ಡಿಆರ್‌ಎನ್‌ಬಿ ಇದೆ, ಅಷ್ಟು ಬೇಡ ಅಂದರೆ ಐಡಿಸಿಸಿಎಂ ಅನ್ನುವ ಚಿಕ್ಕ ಕೋರ್ಸ್ ಇದೆ. ಹೃದಯ ಶಸ್ತ್ರಚಿಕಿತ್ಸೆಗೆ ಕಾರ್ಡಿಯಾಕ್ ಅನಸ್ತೇಷಿಯಾ, ಮೆದುಳಿಗೆ ನ್ಯೂರೋ ಅನಸ್ತೇಷಿಯಾ, ಎರಡಕ್ಕೂ ಡಿಎಂ ಇದೆ. ಓಟಿ ಹೊರಗೆ ಎಂಆರ್‌ಐನಲ್ಲಿ ಮಕ್ಕಳನ್ನು ಮಲಗಿಸಬೇಕು, ಹೃದಯದ ಕ್ಯಾಥ್ ಲ್ಯಾಬ್, ಎಂಡೋಸ್ಕೋಪಿ, ಐವಿಎಫ್ ಸೆಂಟರ್, ಮಾನಸಿಕ ರೋಗ ವಿಭಾಗದ ಇಸಿಟಿ (ಕರೆಂಟ್ ಚಿಕಿತ್ಸೆ), ಎಲ್ಲ ಕಡೆ ನಮ್ಮನ್ನು ಕರೆಯುತ್ತಾರೆ. ನೋವಿಲ್ಲದ ಹೆರಿಗೆ ಕೇಳುವವರು ಬೆಳಗಾವಿಯಲ್ಲಿ ಈಗ ಹೆಚ್ಚುತ್ತಿದ್ದಾರೆ.

ಸಂಬಳದ ಕೆಲಸದಲ್ಲಿ ತಿಂಗಳಿಗೆ ದುಡ್ಡು ಬರುತ್ತೆ, ಮಷಿನ್ ಚೆನ್ನಾಗಿರುತ್ತೆ, ಪಕ್ಕದಲ್ಲಿ ಸಹಾಯಕ್ಕೆ ಇನ್ನೊಬ್ಬ ಡಾಕ್ಟರ್ ಇರುತ್ತಾರೆ. ಫ್ರೀಲ್ಯಾನ್ಸ್‌ನಷ್ಟು ಗಳಿಕೆ ಇಲ್ಲ. ನನ್ನ ಸಲಹೆ: ಎಂಡಿ ಆದ ಕೂಡಲೇ ಒಬ್ಬರೇ ಊರೂರು ಸುತ್ತಬೇಡಿ. ಒಂದೆರಡು ವರ್ಷ ದೊಡ್ಡ ಕಡೆ ಸೀನಿಯರ್ ರೆಸಿಡೆಂಟ್ ಆಗಿ ಇರಿ. ಮೆಡಿಕಲ್ ಕಾಲೇಜಿನಲ್ಲಿ ಮುಂದೆ ಅಸಿಸ್ಟೆಂಟ್ ಪ್ರೊಫೆಸರ್ ಆಗಬೇಕಾದರೂ ಆ ಅನುಭವ ಉಪಯೋಗಕ್ಕೆ ಬರುತ್ತೆ. ಈ ಮೂರು ಜಿಲ್ಲೆಯಲ್ಲಿ ಎಷ್ಟು ಕಾಲೇಜಿದೆ ನೋಡಿ. ಬೆಳಗಾವಿಯಲ್ಲಿ ಜೆಎನ್‌ಎಂಸಿ, ಬಿಮ್ಸ್. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ. ವಿಜಯಪುರದಲ್ಲಿ ಬಿಎಲ್‌ಡಿಇ, ಅಲ್ ಅಮೀನ್. ಎಲ್ಲ ಕಡೆ ಅನಸ್ತೇಷಿಯಾ ವಿಭಾಗ ಇದೆ, ಬೋಧನೆಯ ಹುದ್ದೆಗಳೂ ಇವೆ.

ಜಮಖಂಡಿ_ಗೈನಿಕ್

ನಾನು ನರ್ಸಿಂಗ್ ಹೋಮ್ ನಡೆಸುವವಳು. ಘಟಪ್ರಭಾ ಡಾಕ್ಟ್ರು ಬರೆದದ್ದು ಓದಿ ಬೇಜಾರಾಯಿತು, ಯಾಕೆಂದರೆ ಬಹಳ ಕಡೆ ಅದು ನಿಜ. ನಮ್ಮ ಕಡೆಯ ಮಾತೂ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಆಪರೇಷನ್‌ಗೆ ಒಂದೇ ಪ್ಯಾಕೇಜ್. ಸರ್ಜನ್, ಅನಸ್ತೇಷಿಯಾ, ಔಷಧಿ, ಬೆಡ್, ಊಟ ಎಲ್ಲ ಅದರಲ್ಲೇ. ಆ ದುಡ್ಡು ನಮಗೆ ತಡವಾಗಿ ಬಂದರೆ ಎಲ್ಲರಿಗೂ ತಡ. ಆದರೂ ಅನಸ್ತೇಷಿಯಾ ಡಾಕ್ಟರ್ ದುಡ್ಡು ನಾನು ಅದೇ ದಿನ ಕೊಡುತ್ತೇನೆ. ಮಧ್ಯರಾತ್ರಿ ಫೋನ್ ಮಾಡಿದರೆ ಅವರು ಎದ್ದು ಬರಬೇಕಲ್ಲ. ದುಡ್ಡು ಬಾಕಿ ಇಟ್ಟುಕೊಂಡು ಯಾವ ಮುಖದಲ್ಲಿ ಫೋನ್ ಮಾಡಲಿ?

ತಂಗಿಗೆ ನನ್ನ ಮಾತು: ನನಗೆ ಬೇಗ ಬರುವ ಅನಸ್ತೇಷಿಯಾ ಡಾಕ್ಟರ್ ಬೇಕು, ಅದಕ್ಕಿಂತ ಹೆಚ್ಚಾಗಿ "ಈ ಪೇಷಂಟ್ ಇಲ್ಲಿ ಬೇಡ, ಬಾಗಲಕೋಟೆಗೆ ಕಳಿಸಿ" ಅಂತ ಹೇಳುವ ಡಾಕ್ಟರ್ ಬೇಕು. ಹಿಮೋಗ್ಲೋಬಿನ್ 5 ಇರುವ ಬಸುರಿಯನ್ನು ರಕ್ತದ ವ್ಯವಸ್ಥೆ ಇಲ್ಲದೆ ಟೇಬಲ್ ಮೇಲೆ ಹಾಕಬಾರದು. ಸಂಬಂಧಿಕರ ಒತ್ತಾಯಕ್ಕೆ ನಾನು ಮೆತ್ತಗಾದಾಗ ಅವರು ಗಟ್ಟಿ ನಿಲ್ಲಬೇಕು. ಹಾಗೆ ನಿಲ್ಲುವವರನ್ನೇ ನಾನು ಮತ್ತೆ ಮತ್ತೆ ಕರೆಯುತ್ತೇನೆ.

ಘಟಪ್ರಭಾ_ಫ್ರೀಲ್ಯಾನ್ಸ್

ಮೇಡಂ, ನಿಮ್ಮಂಥವರು ಇದ್ದಾರೆ ಅಂತಲೇ ನಾನು ಈ ಭಾಗ ಬಿಟ್ಟು ಹೋಗಿಲ್ಲ. ನಿಮ್ಮನ್ನು ಕುರಿತು ಬರೆದದ್ದಲ್ಲ ಅದು.

ಒಂದು ಸೇರಿಸುತ್ತೇನೆ. ಸಣ್ಣ ಕಡೆಗಳಲ್ಲಿ ಬಲವಾದ ನೋವಿನ ಔಷಧಿಗಳಾದ ಫೆಂಟನಿಲ್, ಮಾರ್ಫಿನ್ ಸಿಗೋದಿಲ್ಲ, ಅವು ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾನೂನಿನಡಿ ಬರುತ್ತವೆ. 2014ರ ತಿದ್ದುಪಡಿ ಆದಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಸುಲಭ ಆಗಿದೆ, ಆದರೆ ಬಹಳ ನರ್ಸಿಂಗ್ ಹೋಮ್‌ನವರು ಆ ಮಾನ್ಯತೆ ಮಾಡಿಸಿಕೊಂಡೇ ಇಲ್ಲ. ಬ್ಯುಟಾರ್ಫನಾಲ್, ನಾಲ್ಬುಫಿನ್, ಟ್ರಮಡಾಲ್‌ನಲ್ಲೇ ಸುಧಾರಿಸಬೇಕು. ಅಲ್ಟ್ರಾಸೌಂಡ್ ಹಿಡಿದು ನರ್ವ್ ಬ್ಲಾಕ್ (ಆ ಭಾಗದ ನರ ಮಾತ್ರ ಮರಗಟ್ಟಿಸುವ ಇಂಜೆಕ್ಷನ್) ಕೊಡೋದು ಚೆನ್ನಾಗಿ ಕಲಿತರೆ ಹಳ್ಳಿ ಊರಿನಲ್ಲಿ ಬಹಳ ಉಪಯೋಗ. ಮುರಿದ ಕೈಗೆ ಬ್ಲಾಕ್ ಕೊಟ್ಟರೆ ಪೂರ್ತಿ ಮತ್ತು ಬರಿಸುವ ಅಗತ್ಯವೇ ಇಲ್ಲ.

ಇಳಕಲ್_ಇಂಟರ್ನ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಜಮಖಂಡಿ ಮೇಡಂ ಬರೆದದ್ದು ಎರಡು ಸಲ ಓದಿಸಿದರು. ಇನ್ನೂ ಎರಡು ಭಯ ಇದೆ. ಒಂದು, ಟೇಬಲ್ ಮೇಲೆ ಪೇಷಂಟ್ ಹೋದರೆ ಜನ ಮೊದಲು ಅನಸ್ತೇಷಿಯಾ ಕೊಟ್ಟವರನ್ನೇ ಹಿಡಿಯುತ್ತಾರೆ ಅಂತ ಕೇಳಿದ್ದೇನೆ. ಇನ್ನೊಂದು, ರಾತ್ರಿ ಒಬ್ಬಳೇ ಹೋಗೋದು.

ತಾಲ್ಲೂಕು_ಆಸ್ಪತ್ರೆ_ಅಕ್ಕ

ರಾತ್ರಿಯ ಮಾತು ನಾನು ಹೇಳುತ್ತೇನೆ. ಒಬ್ಬಳೇ ಹೋಗಬೇಡ, ಅಷ್ಟೇ. ಖಾಸಗಿಯವರು ಕರೆದರೆ ಕರೆದುಕೊಂಡು ಹೋಗಲು, ವಾಪಸ್ ಬಿಡಲು ಗಾಡಿ ಕಳಿಸುವುದು ಅವರ ಜವಾಬ್ದಾರಿ ಅಂತ ಮೊದಲೇ ಹೇಳು. ಗೊತ್ತಿರುವ ಡ್ರೈವರ್ ಇರಲಿ. ಬೆಳಗಾವಿಯಲ್ಲಿ ನನ್ನ ಗೆಳತಿ ಇನ್ನೂ ಮೂವರ ಜೊತೆ ಸೇರಿ ಗುಂಪು ಮಾಡಿಕೊಂಡಿದ್ದಾಳೆ. ಯಾರು ಯಾವ ರಾತ್ರಿ ಅಂತ ಪಾಳಿ ಹಂಚಿಕೊಂಡಿದ್ದಾರೆ. ಆಸ್ಪತ್ರೆಯವರು ಒಂದೇ ನಂಬರ್‌ಗೆ ಫೋನ್ ಮಾಡುತ್ತಾರೆ. ಹೆರಿಗೆ ರಜೆಯಲ್ಲಿ ಉಳಿದವರು ಅವಳ ಕೇಸ್ ನೋಡಿಕೊಂಡರು. ರೇಟ್ ಮಾತಾಡುವಾಗಲೂ ನಾಲ್ವರದು ಒಂದೇ ಮಾತು. ನನ್ನ ಪ್ರಕಾರ ನಮ್ಮ ಭಾಗದಲ್ಲಿ ಈ ಬ್ರಾಂಚ್ ಮುಂದೆ ಬರಬೇಕಾದರೆ ಇದೇ ದಾರಿ. ಒಬ್ಬೊಬ್ಬರೇ ಇದ್ದರೆ "ನೀವು ಬರದಿದ್ದರೆ ಇನ್ನೊಬ್ಬರನ್ನು ಕರೆಯುತ್ತೇವೆ" ಅನ್ನುತ್ತಾರೆ. ಗುಂಪಿಗೆ ಹಾಗೆ ಹೇಳೋದು ಕಷ್ಟ.

ಬೆಳಗಾವಿ_ಐಸಿಯು

ಕಾನೂನಿನ ಭಯಕ್ಕೆ ನಾಲ್ಕು ಮಾತು. ಡಾಕ್ಟರ್ ಸೇವೆ ಗ್ರಾಹಕ ಕಾನೂನಿಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಕ್ರಿಮಿನಲ್ ಕೇಸ್ ಹಾಕಬೇಕಾದರೆ ಘೋರ ನಿರ್ಲಕ್ಷ್ಯ ಇರಬೇಕು, ಅದಕ್ಕೆ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು ಅಂತ ಹೇಳಿದೆ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ ಸೆಕ್ಷನ್ 106ರಲ್ಲಿ ಚಿಕಿತ್ಸೆ ಕೊಡುವಾಗಿನ ನಿರ್ಲಕ್ಷ್ಯದಿಂದ ಸಾವಾದರೆ ವೈದ್ಯರಿಗೆ 2 ವರ್ಷದವರೆಗೆ ಶಿಕ್ಷೆ.

ಇದನ್ನು ಓದಿ ಹೆದರಬೇಡಿ. ಇಂಡೆಮ್ನಿಟಿ ಇನ್ಶೂರೆನ್ಸ್ ಮಾಡಿಸಿ. ಅದಕ್ಕಿಂತ ಮುಖ್ಯ ಕಾಗದ. ಪೇಷಂಟನ್ನು ಮೊದಲೇ ನೋಡಿದ್ದು, ಹೊಟ್ಟೆ ಖಾಲಿ ಇದೆಯಾ ಕೇಳಿದ್ದು, ಅಪಾಯ ತಿಳಿಸಿ ಕನ್ನಡದಲ್ಲಿ ಸಹಿ ತೆಗೆದುಕೊಂಡದ್ದು, ಪ್ರತಿ ಐದು ನಿಮಿಷದ ಬಿಪಿ, ಕೊಟ್ಟ ಔಷಧಿ, ಕೊಟ್ಟ ಹೊತ್ತು, ಎಲ್ಲ ಕೈಬರಹದಲ್ಲಿ ಇರಲಿ. ಅನಸ್ತೇಷಿಯಾ ಚಾರ್ಟ್ ಖಾಲಿ ಬಿಟ್ಟು ಮನೆಗೆ ಹೋಗುವವರು ಇದ್ದಾರೆ, ಹಾಗೆ ಮಾಡಬೇಡಿ. ಮತ್ತೆ ಒಂದು: ಒಂದೇ ಹೊತ್ತಿಗೆ ಎರಡು ಟೇಬಲ್ ನೋಡಿ ಅಂತ ಕೆಲವರು ಕೇಳುತ್ತಾರೆ. ಸ್ಪೈನಲ್ ಹಾಕಿ ಪಕ್ಕದ ಓಟಿಗೆ ಹೋಗಿ ಅಂತಾರೆ. ಹೋಗಬೇಡಿ. ನಿಮ್ಮ ಪೇಷಂಟ್ ಬಿಟ್ಟು ನೀವು ಎಲ್ಲೂ ಕದಲಬಾರದು.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ನಮ್ಮ ಬ್ರಾಂಚ್‌ನಲ್ಲಿ ನಿದ್ದೆ ಕಡಿಮೆ, ಒತ್ತಡ ಜಾಸ್ತಿ, ಫೆಂಟನಿಲ್, ಪ್ರೊಪೊಫಾಲ್‌ನಂಥ ಔಷಧಿ ಕೈಗೆಟುಕುವಷ್ಟು ಹತ್ತಿರ. ಅದರ ಚಟಕ್ಕೆ ಬಿದ್ದವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಪಿಜಿಯಲ್ಲಿ ಯಾರಾದರೂ ಗೆಳೆಯರು ಬದಲಾದಂತೆ ಕಂಡರೆ ಸುಮ್ನೆ ಇರಬೇಡಿ, ಹಿರಿಯರಿಗೆ ಹೇಳಿ. ಅದು ಚಾಡಿ ಅಲ್ಲ, ಜೀವ ಉಳಿಸುವ ಕೆಲಸ.

ನೋವು_ಕ್ಲಿನಿಕ್

ತಡವಾಗಿ ಬಂದೆ. ಬೋರ್ಡ್ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ! ನಾನು ಅನಸ್ತೇಷಿಯಾ ಎಂಡಿ, ಆಮೇಲೆ ಪೇನ್ ಫೆಲೋಶಿಪ್. ಈಗ ವಿಜಯಪುರದಲ್ಲಿ ನನ್ನದೇ ನೋವಿನ ಕ್ಲಿನಿಕ್, ನನ್ನ ಹೆಸರಿನದೇ ಬೋರ್ಡ್. ಬೆಳಿಗ್ಗೆ ಓಟಿ ಕೇಸ್, ಸಂಜೆ ಒಪಿಡಿ. ಬೆನ್ನುನೋವು, ಕಾಲಿಗೆ ಎಳೆಯುವ ನರನೋವು, ಮೊಣಕಾಲು, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ಉರಿ, ಮುಖದ ನರದ ನೋವು. ಸಿ ಆರ್ಮ್ (ಎಕ್ಸ್‌ರೇ ಮಷಿನ್) ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಇಂಜೆಕ್ಷನ್. ಮುಖದ ನರದ ನೋವಿಗೆ ಮಾತಾಡಲೂ ಆಗದೆ, ರೊಟ್ಟಿ ಅಗಿಯಲೂ ಆಗದೆ, ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದ ಅಜ್ಜ ಒಬ್ಬರಿದ್ದರು. ಸುಮಾರು ಹಲ್ಲು ಕಿತ್ತಿಸಿಕೊಂಡಿದ್ದರು ಪಾಪ, ಹಲ್ಲಿನ ನೋವು ಅಂತ ತಿಳಿದು. ಅವರು ಈಗ ಬಂದಾಗ ಜೋಳದ ರೊಟ್ಟಿ ಕಟ್ಟಿಕೊಂಡೇ ಬರುತ್ತಾರೆ.

ಕ್ಯಾನ್ಸರ್ ನೋವಿನವರು ಇನ್ನೂ ಮುಖ್ಯ. ಈ ಭಾಗದಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ. ಮಾರ್ಫಿನ್ ಮಾತ್ರೆ ಸಿಗದೆ ಕೊನೆಯ ದಿನಗಳಲ್ಲಿ ನರಳುವವರನ್ನು ನೋಡಿದರೆ ಕರುಳು ಹಿಂಡುತ್ತೆ. ಪ್ಯಾಲಿಯೇಟಿವ್ ಕೇರ್ ಕಲಿತ ಅನಸ್ತೇಷಿಯಾದವರು ನಮ್ಮ ಮೂರೂ ಜಿಲ್ಲೆಗೆ ಬೇಕು. ಮೊದಮೊದಲು ಒಪಿಡಿ ಖಾಲಿ ಇರುತ್ತೆ, ಓಟಿ ಕೇಸಿನ ದುಡ್ಡಿನಲ್ಲಿ ಬಾಡಿಗೆ ಕಟ್ಟಬೇಕು. ಎಲುಬಿನ ಡಾಕ್ಟರ್‌ಗಳು ಪೇಷಂಟ್ ಕಳಿಸಲು ಸ್ವಲ್ಪ ಸಮಯ ಬೇಕು. ಆಮೇಲೆ ನಡೆಯುತ್ತೆ.

ಅಥಣಿ_ಮಿರಜ್

ಗಡಿಯವರ ಮಾತು ಒಂದು. ಅಥಣಿ, ಕಾಗವಾಡ ಕಡೆಯವರಿಗೆ ಮಿರಜ್, ಸಾಂಗಲಿ ಹತ್ತಿರ. ವಿಜಯಪುರದವರಿಗೆ ಸೊಲ್ಲಾಪುರ ಸುಮಾರು 100 ಕಿಲೋಮೀಟರ್. ಅಲ್ಲಿ ಆಸ್ಪತ್ರೆ ಜಾಸ್ತಿ, ಕೇಸ್ ಜಾಸ್ತಿ, ಅನಸ್ತೇಷಿಯಾದವರೂ ಜಾಸ್ತಿ. ಅಲ್ಲಿ ಕೆಲಸ ಮಾಡಬೇಕಾದರೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನಲ್ಲೂ ನೋಂದಣಿ ಮಾಡಿಸಿ, ನಮ್ಮ ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ನೋಂದಣಿ ಒಂದೇ ಹಿಡಿದು ಹೋಗಬೇಡಿ. ಗಲ್ಫ್‌ಗೆ ಹೋಗುವವರೂ ಇದ್ದಾರೆ, ಅವರು ಎಂಡಿ ನಂತರದ ಅನುಭವ ಕೇಳುತ್ತಾರೆ, ಸರ್ಟಿಫಿಕೇಟ್ ಪರಿಶೀಲನೆ, ಕಂಪ್ಯೂಟರ್ ಪರೀಕ್ಷೆ ಎರಡೂ ಇರುತ್ತವೆ. ಇಂಗ್ಲೆಂಡಿನಲ್ಲಿ ಎಫ್‌ಆರ್‌ಸಿಎ (ಅಲ್ಲಿನ ಅನಸ್ತೇಷಿಯಾ ತಜ್ಞರ ಪರೀಕ್ಷೆ) ದೀರ್ಘ ದಾರಿ.

ಇಂಡಿ_ಜಿಪಿ

ಮಷಿನ್ ವಿಷಯದಲ್ಲಿ ನನ್ನ ಅನುಮಾನ ಹೋಯಿತು. ಆಸ್ಪತ್ರೆ ಕಟ್ಟುವ ವಿಷಯದಲ್ಲಿ ಮಾತ್ರ ನನ್ನ ಮಾತು ಅಲ್ಲೇ ಇದೆ. ಸರ್ಜನ್‌ಗೆ ಅದು ಸುಲಭ.

ಬೆಳಗಾವಿ_ಐಸಿಯು

ಒಪ್ಪುತ್ತೇನೆ ಡಾಕ್ಟ್ರೇ. ಸ್ವಂತ ಆಸ್ಪತ್ರೆಯೇ ಗುರಿ ಅಂದರೆ ಸರ್ಜರಿ ಅಥವಾ ಗೈನಿಕ್ ಸರಿ. ಆದರೆ ಆಸ್ಪತ್ರೆ ಕಟ್ಟಿದವರ ಸಾಲವನ್ನೂ ನೋಡಿ. ಅನಸ್ತೇಷಿಯಾದವರು ಒಂದು ಬ್ಯಾಗ್ ಹಿಡಿದು ಮರುದಿನದಿಂದಲೇ ದುಡಿಯಬಹುದು, ಕಟ್ಟಡ ಬೇಡ, ಬ್ಯಾಂಕ್ ಬೇಡ.

ಇಳಕಲ್_ಇಂಟರ್ನ್

ಕೊನೆಯ ಪ್ರಶ್ನೆ. ಆಪ್ಷನ್ ಎಂಟ್ರಿಯಲ್ಲಿ ಯಾವುದನ್ನು ಮೇಲೆ ಹಾಕಲಿ? ಎಂಡಿ, ಡಿಎನ್‌ಬಿ (ಎಂಡಿಗೆ ಸಮನಾದದ್ದು), ಡಿಪ್ಲೊಮಾ ಮೂರೂ ಕಾಣುತ್ತಿವೆ. ಅಪ್ಪ ಅರ್ಧ ಒಪ್ಪಿದ್ದಾರೆ, ನೋವಿನ ಕ್ಲಿನಿಕ್ ಬಗ್ಗೆ ಇನ್ನಷ್ಟು ಕೇಳು ಅಂತಿದ್ದಾರೆ.

ಎರಡನೇ_ವರ್ಷದ_ಪಿಜಿ

ಎಂಡಿ, ಡಿಎನ್‌ಬಿ ಎರಡೂ 3 ವರ್ಷ. ಎನ್‌ಬಿಇಎಂಎಸ್ (ರಾಷ್ಟ್ರೀಯ ಪರೀಕ್ಷಾ ಮಂಡಳಿ) ಡಿಪ್ಲೊಮಾ 2 ವರ್ಷ, 2020ರಲ್ಲಿ ಶುರುವಾದದ್ದು. ಡಿಪ್ಲೊಮಾ ಆದ ಮೇಲೆ ಸೆಕೆಂಡರಿ ಡಿಎನ್‌ಬಿ ಇನ್ನೂ 2 ವರ್ಷ ಆಗುತ್ತೆ, ಹಾಗಾಗಿ 3 ವರ್ಷದ್ದು ಸಿಗುತ್ತಿದ್ದರೆ ಅದನ್ನೇ ಮೇಲೆ ಹಾಕಿ. ಕೌನ್ಸೆಲಿಂಗ್ ಬೇರೆ ಬೇರೆ, ತಪ್ಪಬೇಡಿ. ಜೆಎನ್‌ಎಂಸಿ, ಬಿಎಲ್‌ಡಿಇ ಡೀಮ್ಡ್ ವಿಶ್ವವಿದ್ಯಾಲಯದವು, ಅವು ಎಂಸಿಸಿಯಲ್ಲಿ (ಕೇಂದ್ರದ ಕೌನ್ಸೆಲಿಂಗ್). ಬಿಮ್ಸ್‌ನಂಥ ಸರ್ಕಾರಿ ಕಾಲೇಜಿನ ಅರ್ಧ ಸೀಟು ಅಖಿಲ ಭಾರತ ಕೋಟಾ, ಅದೂ ಎಂಸಿಸಿ, ಉಳಿದರ್ಧ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ). ಎಸ್. ನಿಜಲಿಂಗಪ್ಪ, ಅಲ್ ಅಮೀನ್ ಕೆಇಎಯಲ್ಲಿ.

ಘಟಪ್ರಭಾ_ಫ್ರೀಲ್ಯಾನ್ಸ್

ಹೆಸರು ನೋಡಿ ಹಾಕಬೇಡಿ. ಆ ಕಾಲೇಜಿನ ಮೂರನೇ ವರ್ಷದ ಪಿಜಿಗೆ ಫೋನ್ ಮಾಡಿ ಇಷ್ಟು ಕೇಳಿ: ಸ್ಪೈನಲ್, ಎಪಿಡ್ಯುರಲ್ ನಿಮ್ಮ ಕೈಯಿಂದಲೇ ಮಾಡಿಸುತ್ತಾರಾ? ಮಕ್ಕಳ ಕೇಸ್ ಬರುತ್ತಾ? ಐಸಿಯು ಅನಸ್ತೇಷಿಯಾ ವಿಭಾಗದ ಕೈಯಲ್ಲಿದೆಯಾ, ಮೆಡಿಸಿನ್ ಕೈಯಲ್ಲಿದೆಯಾ? ನರ್ವ್ ಬ್ಲಾಕ್‌ಗೆ ಅಲ್ಟ್ರಾಸೌಂಡ್ ಇದೆಯಾ, ಪಿಜಿಗಳ ಕೈಗೆ ಕೊಡುತ್ತಾರಾ? ರಾತ್ರಿ ಕಷ್ಟದ ಕೇಸ್ ಬಂದರೆ ಸೀನಿಯರ್ ಎದ್ದು ಬರುತ್ತಾರಾ? ಕೊನೆಯ ಪ್ರಶ್ನೆಗೆ "ಬರುತ್ತಾರೆ" ಅಂತ ಕೂಡಲೇ ಉತ್ತರ ಬಂದರೆ ಆ ಕಾಲೇಜು ಮೇಲೆ ಹಾಕಿ.

ನೋವು_ಕ್ಲಿನಿಕ್

ತಂಗಿ, ಅಪ್ಪನವರನ್ನು ಒಂದು ಸಂಜೆ ವಿಜಯಪುರಕ್ಕೆ ಕರೆದುಕೊಂಡು ಬನ್ನಿ. ಒಪಿಡಿ 5 ಗಂಟೆಗೆ ಶುರು. ಪೇಷಂಟ್‌ಗಳ ಜೊತೆ ಅವರೇ ಮಾತಾಡಲಿ. ಈ ವೇದಿಕೆಯಲ್ಲೇ ಖಾಸಗಿ ಮೆಸೇಜ್ ಹಾಕಿ, ಕ್ಲಿನಿಕ್ ಎಲ್ಲಿದೆ ಅಂತ ಹೇಳುತ್ತೇನೆ.